ತರಗತಿಗೆ ಯಾವ ಆ್ಯಪ್ ಒಳ್ಳೆಯದು? ಶಿಕ್ಷಕರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ಶಿಕ್ಷಕರಿಂದಲೇ ಬಂದಿವೆ. ಒಂದೇ ತರಹದ ಪ್ರಶ್ನೆ ಕಳಿಸಿದವರು ಹಲವರಿದ್ದರು. ಅವನ್ನು ಸೇರಿಸಿ, ಹೆಸರು ಬಿಟ್ಟು ಇಲ್ಲಿ ಕೊಟ್ಟಿದ್ದೇನೆ.

ಪ್ರಶ್ನೆ: 22 ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಈಗ ಎಲ್ಲರೂ ಡಿಜಿಟಲ್ ಟೂಲ್ ಬಳಸಿ ಅನ್ನುತ್ತಾರೆ. ತರಬೇತಿಯಲ್ಲಿ ಒಂದೇ ದಿನ 15 ಆ್ಯಪ್ ತೋರಿಸಿದರು. ಮನೆಗೆ ಬರುವಷ್ಟರಲ್ಲಿ ಒಂದೂ ನೆನಪಿರಲಿಲ್ಲ. ಎಲ್ಲಿಂದ ಶುರು ಮಾಡಲಿ?

ಆ 15ನ್ನೂ ಸದ್ಯಕ್ಕೆ ಬದಿಗಿಡಿ. ನಿಮಗೆ ಗೊತ್ತಿರುವ ಒಂದು ಸಂಗತಿ ಯಾವ ಆ್ಯಪ್‌ಗೂ ಗೊತ್ತಿಲ್ಲ. ಮಕ್ಕಳು ಪ್ರತಿ ವರ್ಷ ಯಾವ ಪಾಠದಲ್ಲಿ, ಸರಿಯಾಗಿ ಯಾವ ಜಾಗದಲ್ಲಿ ಎಡವುತ್ತಾರೆ ಅನ್ನುವುದು. ಅಂಥ ಒಂದೇ ಒಂದು ಜಾಗ ಆರಿಸಿಕೊಳ್ಳಿ. ಬೋರ್ಡು, ಸೀಮೆಸುಣ್ಣದಲ್ಲಿ ಚೆನ್ನಾಗಿ ನಡೆಯುತ್ತಿರುವ ಪಾಠವನ್ನು ಮುಟ್ಟಲೇಬೇಡಿ.

ವಿದ್ಯುತ್ ಪಾಠವನ್ನೇ ತೆಗೆದುಕೊಳ್ಳಿ. ಒಂದೇ ತರಹದ ಎರಡು ಬಲ್ಬ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ ಯಾವುದು ಜಾಸ್ತಿ ಬೆಳಗುತ್ತದೆ ಅಂತ ಕೇಳಿ ನೋಡಿ. ತುಂಬಾ ಮಕ್ಕಳು ಮೊದಲನೆಯದು ಅನ್ನುತ್ತಾರೆ. ಕರೆಂಟು ಮೊದಲ ಬಲ್ಬಿನಲ್ಲಿ ಒಂದಿಷ್ಟು ಖರ್ಚಾಗಿ, ಮಿಕ್ಕಿದ್ದು ಎರಡನೆಯದಕ್ಕೆ ಹೋಗುತ್ತದೆ ಅನ್ನುವುದು ಅವರ ಲೆಕ್ಕ. ಹಾಗಲ್ಲಪ್ಪ ಅಂತ ನೀವು ಎಷ್ಟು ಸಲ ಹೇಳಿದರೂ ಆ ಲೆಕ್ಕ ಒಳಗೆ ಹಾಗೇ ಕೂತಿರುತ್ತದೆ. ಇಲ್ಲಿ ಫೆಟ್ ನಿಜಕ್ಕೂ ಸಹಾಯ ಮಾಡುತ್ತದೆ. ಭೌತವಿಜ್ಞಾನದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ ಅವರು ಕೊಲರಾಡೋ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರು ಮಾಡಿದ ಸಿಮ್ಯುಲೇಶನ್‌ಗಳ, ಅಂದರೆ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳ ಸಂಗ್ರಹ ಅದು. ದುಡ್ಡು ಕೊಡಬೇಕಿಲ್ಲ, ಮಕ್ಕಳ ಲಾಗಿನ್ ಬೇಕಿಲ್ಲ, ಡೌನ್‌ಲೋಡ್ ಮಾಡಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಕೆಲವು ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಇವೆ. ಅದರ ಸರ್ಕ್ಯೂಟ್ ಸಿಮ್ಯುಲೇಶನ್‌ನಲ್ಲಿ ತಂತಿಯೊಳಗೆ ಚಲಿಸುವ ಎಲೆಕ್ಟ್ರಾನ್‌ಗಳು ಚುಕ್ಕಿಗಳಾಗಿ ಕಾಣುತ್ತವೆ. ಮೊದಲ ಬಲ್ಬಿಗೆ ಮುಂಚೆ, ಎರಡರ ನಡುವೆ, ಎರಡನೆಯದರ ನಂತರ, ಮೂರೂ ಕಡೆ ಅವು ಒಂದೇ ವೇಗದಲ್ಲಿ ಹೋಗುತ್ತಿರುತ್ತವೆ. ಕರೆಂಟು ಅಳೆಯುವ ಅಮ್ಮೀಟರ್ ಇಟ್ಟರೆ ಮೂರೂ ಕಡೆ ಒಂದೇ ಅಂಕಿ.

ಆದರೆ ಇದನ್ನು ನೇರವಾಗಿ ತೋರಿಸಬೇಡಿ. ನಾನು ಮೊದಲ ಸಲ ಹಾಗೆ ಮಾಡಿದ್ದೆ. ಮಕ್ಕಳು ಖುಷಿಯಿಂದ ನೋಡಿದರು, ಚೆನ್ನಾಗಿದೆ ಅಂದರು, ಪರೀಕ್ಷೆಯಲ್ಲಿ ಮತ್ತದೇ ತಪ್ಪು ಬರೆದರು. ಮುಂದಿನ ವರ್ಷ ಪರದೆ ಹಾಕುವ ಮುಂಚೆಯೇ ಪ್ರತಿಯೊಬ್ಬರ ಕೈಲೂ ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆಸಿದೆ, ಯಾಕೆ ಅಂತ ಒಂದು ಸಾಲು ಸೇರಿಸಲು ಹೇಳಿದೆ, ಆಮೇಲೆ ಸ್ವಿಚ್ ಒತ್ತಿದೆ. ತಾನು ಬರೆದದ್ದು ಕಣ್ಣ ಮುಂದೆಯೇ ಸುಳ್ಳಾದಾಗ ಮಗು ಕೇಳುವ ಪ್ರಶ್ನೆಯೇ ಬೇರೆ. ಹಾಗಾದರೆ ಬಲ್ಬು ಏನನ್ನು ಖರ್ಚು ಮಾಡುತ್ತದೆ ಮಿಸ್ ಅಂತ ಒಬ್ಬ ಹುಡುಗ ಕೇಳಿದ. ಅಲ್ಲಿಂದ ಶಕ್ತಿಯ ಪಾಠ ತಾನಾಗಿ ಶುರುವಾಯಿತು. ಇನ್ನೊಂದು ಮಾತು, ನಿಜವಾದ ಬ್ಯಾಟರಿ, ತಂತಿ ಇದ್ದರೆ ಮೊದಲು ಅದರಲ್ಲೇ ಮಾಡಿಸಿ. ಕಣ್ಣಿಗೆ ಕಾಣದ ಭಾಗಕ್ಕಷ್ಟೇ ಪರದೆ ಬೇಕು.

ಗಣಿತದವರೂ ಇದೇ ಪ್ರಶ್ನೆ ಕಳಿಸಿದ್ದಾರೆ. ಅವರಿಗೆ ಜಿಯೋಜೀಬ್ರಾ, ಪರದೆಯ ಮೇಲೆ ರೇಖಾಗಣಿತದ ಚಿತ್ರ ಬರೆಯುವ ಆ್ಯಪ್. ಯಾವುದಾದರೂ ಚತುರ್ಭುಜ ಬರೆದು, ನಾಲ್ಕು ಬಾಹುಗಳ ಮಧ್ಯಬಿಂದುಗಳನ್ನು ಸೇರಿಸಿ. ಆಮೇಲೆ ಒಂದು ಶೃಂಗವನ್ನು ಹಿಡಿದು ಎಲ್ಲಿಗೆ ಬೇಕಾದರೂ ಎಳೆಯಲು ಮಕ್ಕಳಿಗೆ ಹೇಳಿ. ಹೊರಗಿನ ಆಕಾರ ಎಷ್ಟೇ ಸೊಟ್ಟಗಾದರೂ ಒಳಗಿನದು ಸಮಾಂತರ ಚತುರ್ಭುಜವಾಗಿಯೇ ಉಳಿಯುತ್ತದೆ. ಯಾಕೆ ಅಂತ ಅವರೇ ಕೇಳುತ್ತಾರೆ. ಆಗ ಲ್ಯಾಪ್‌ಟಾಪ್ ಮುಚ್ಚಿ, ಬೋರ್ಡಿನ ಮೇಲೆ ಸಾಧನೆ ಬರೆಯಿರಿ.

ಪ್ರಶ್ನೆ: ಮಕ್ಕಳ ಹತ್ತಿರ ಯಾವ ಸಾಧನವೂ ಇಲ್ಲ. ನನ್ನ ಒಂದು ಮೊಬೈಲ್ ಅಷ್ಟೇ. ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಮ್ಮಂಥವರು ಏನು ಮಾಡಬೇಕು?

ಒಂದು ಮೊಬೈಲ್ ಸಾಕಾಗುವ ಕೆಲಸ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದೆ. ಪ್ಲಿಕರ್ಸ್ ಅಂತ ಒಂದಿದೆ. ಪ್ರತಿ ಮಗುವಿಗೂ ಒಂದು ಕಾಗದದ ಕಾರ್ಡು, ಅದರ ಮೇಲೆ ಚೌಕಗಳಿಂದಾದ ಕಪ್ಪು ಚಿತ್ರ. ಕಾರ್ಡಿನ ಯಾವ ಬದಿ ಮೇಲೆ ಬರುತ್ತದೋ ಅದೇ ಉತ್ತರ. ಎ ಆದರೆ ಒಂದು ಬದಿ, ಬಿ ಆದರೆ ಇನ್ನೊಂದು. ಎಲ್ಲರೂ ಕಾರ್ಡು ಎತ್ತಿ ಹಿಡಿದಾಗ ನಿಮ್ಮ ಮೊಬೈಲ್ ಕ್ಯಾಮೆರಾವನ್ನು ನಿಧಾನವಾಗಿ ತರಗತಿಯ ಮೇಲೆ ಹಾಯಿಸಿದರೆ ಯಾರು ಏನು ಉತ್ತರ ಕೊಟ್ಟರು ಅನ್ನುವುದು ಪರದೆಯ ಮೇಲೆ ಬಂದುಬಿಡುತ್ತದೆ. ಪ್ರತಿ ಕಾರ್ಡಿನ ಚಿತ್ರ ಬೇರೆ, ಅಕ್ಷರಗಳು ತುಂಬಾ ಚಿಕ್ಕವು. ಹಾಗಾಗಿ ಪಕ್ಕದವರನ್ನು ನೋಡಿ ಕಾರ್ಡು ತಿರುಗಿಸುವುದು ಕಷ್ಟ. ಕೈ ಎತ್ತಲು ಹೆದರುವ ಮಗುವೂ ಇಲ್ಲಿ ಉತ್ತರ ಕೊಡುತ್ತದೆ. ನನಗೆ ಇದು ಇಷ್ಟವಾಗಲು ಮುಖ್ಯ ಕಾರಣ ಅದೇ.

ಇಲ್ಲಿ ನಿಜವಾದ ಕೆಲಸ ಪ್ರಶ್ನೆಯದ್ದು. ತಪ್ಪು ಆಯ್ಕೆಗಳು ಸುಮ್ನೆ ಜಾಗ ತುಂಬಲು ಇರಬಾರದು. ಪ್ರತಿಯೊಂದೂ ಮಕ್ಕಳು ನಿಜವಾಗಿ ಮಾಡುವ ತಪ್ಪಾಗಿರಬೇಕು. 0.35 ಮತ್ತು 0.5, ಯಾವುದು ದೊಡ್ಡದು ಅಂತ ಕೇಳಿ. 0.35 ಅಂದವರು 35ನ್ನೂ 5ನ್ನೂ ಹೋಲಿಸುತ್ತಿದ್ದಾರೆ ಅಂತ ತಕ್ಷಣ ಗೊತ್ತಾಗುತ್ತದೆ. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿದರೆ ಎಷ್ಟು ಅನ್ನುವ ಪ್ರಶ್ನೆಗೆ ಮೇಲಿನ, ಕೆಳಗಿನ ಅಂಕಿಗಳನ್ನು ಬೇರೆ ಬೇರೆ ಕೂಡಿಸುವವರಿಗೆ ಬರುವ 2/5 ಅನ್ನುವ ಆಯ್ಕೆ ಇರಲೇಬೇಕು.

ಉತ್ತರಗಳು ಬಂದ ಮೇಲೆ ಏನು? ಹಾರ್ವರ್ಡ್‌ನ ಭೌತವಿಜ್ಞಾನ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಿಂದ ಬಳಸುತ್ತಿರುವ ಒಂದು ಕ್ರಮ ಇದೆ. ಸುಮಾರು 30ರಿಂದ 70 ಶೇಕಡಾ ಮಕ್ಕಳು ಸರಿ ಉತ್ತರ ಕೊಟ್ಟಿದ್ದರೆ, ಉತ್ತರ ಹೇಳಬೇಡಿ. ಪಕ್ಕದವರಿಗೆ ತಮ್ಮ ಉತ್ತರ ಯಾಕೆ ಸರಿ ಅಂತ ವಿವರಿಸಲು ಎರಡು ನಿಮಿಷ ಕೊಡಿ, ಆಮೇಲೆ ಮತ್ತೆ ಕಾರ್ಡು ಎತ್ತಿಸಿ. ಅದಕ್ಕಿಂತ ಕಡಿಮೆ ಇದ್ದರೆ ಪಾಠವನ್ನೇ ಮತ್ತೆ ಮಾಡಬೇಕು. ಜಾಸ್ತಿ ಇದ್ದರೆ ಮುಂದೆ ಹೋಗಿ.

ನೆಟ್‌ವರ್ಕ್ ವಿಷಯಕ್ಕೆ ಬಂದರೆ, ಶಾಲೆಯಲ್ಲಿ ಒಂದು ಕಂಪ್ಯೂಟರ್ ಮತ್ತು ಒಂದು ವೈಫೈ ರೂಟರ್ ಇದ್ದರೂ ಕೋಲಿಬ್ರಿ ನಡೆಯುತ್ತದೆ. ಇಂಟರ್ನೆಟ್ ಇಲ್ಲದ ಶಾಲೆಗಳಿಗೆಂದೇ ಮಾಡಿದ ಉಚಿತ ಸಾಫ್ಟ್‌ವೇರ್ ಅದು. ಪಾಠ, ವಿಡಿಯೋ, ಅಭ್ಯಾಸಗಳನ್ನು ಇಂಟರ್ನೆಟ್ ಇರುವ ಕಡೆ ಒಮ್ಮೆ ಇಳಿಸಿಕೊಂಡರೆ ಆಯಿತು. ಕಿವಿಕ್ಸ್ ಕೂಡ ಹಾಗೇ, ಅದರಲ್ಲಿ ಇಡೀ ವಿಕಿಪೀಡಿಯವನ್ನೇ ಇಳಿಸಿಟ್ಟುಕೊಳ್ಳಬಹುದು.

ಪ್ರಶ್ನೆ: ಕಹೂಟ್ ಅನ್ನುವ ಕ್ವಿಜ್ ಆಟ ಆಡಿಸಿದರೆ ತರಗತಿಯಲ್ಲಿ ಗಲಾಟೆಯೋ ಗಲಾಟೆ. ಆದರೆ ಗೆಲ್ಲುವವರು ಅದೇ ಮೂವರು. ಉಳಿದವರು ಏನಾದರೂ ಒಂದು ಒತ್ತಿ ಕೂರುತ್ತಾರೆ. ಬಿಟ್ಟುಬಿಡಲಾ?

ಬಿಡಬೇಡಿ, ವೇಗವನ್ನು ತೆಗೆಯಿರಿ. ಬೇಗ ಒತ್ತಿದವರಿಗೆ ಜಾಸ್ತಿ ಅಂಕ ಸಿಗುತ್ತದೆ. ನಿಧಾನವಾಗಿ ಯೋಚಿಸುವ ಮಗು ಎರಡು ಪ್ರಶ್ನೆಯಲ್ಲೇ ಹಿಂದೆ ಬಿದ್ದು, ಮೂರನೆಯದಕ್ಕೆ ಆಸೆ ಬಿಡುತ್ತದೆ. ಪ್ರಶ್ನೆಯ ಸಮಯ ಹೆಚ್ಚಿಸಿ, ಬೇಕಾದರೆ ಅಂಕವನ್ನೇ ಆಫ್ ಮಾಡಿ, ಅಥವಾ ತಂಡಗಳಾಗಿ ಆಡಿಸಿ. ಮೇರಿ ಬಡ್ ರೋ ಅನ್ನುವ ಸಂಶೋಧಕಿ 1970ರ ದಶಕದಲ್ಲೇ ತೋರಿಸಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಸುಮಾರು ಒಂದು ಸೆಕೆಂಡ್ ಕಾಯುತ್ತಾರಂತೆ. ಅದನ್ನು ಮೂರು ಸೆಕೆಂಡ್ ಮಾಡಿದರೆ ಉತ್ತರಗಳು ಉದ್ದವಾಗುತ್ತವೆ, ಹೆಚ್ಚು ಮಕ್ಕಳು ಬಾಯಿ ಬಿಡುತ್ತಾರೆ. ಆ್ಯಪ್ ಬಂದ ಮೇಲೂ ಇದು ಬದಲಾಗಿಲ್ಲ, ಅಲ್ವಾ?

ಕ್ವಿಜ್‌ಗೆ ನಿಜವಾದ ಬೆಲೆ ಇರುವುದು ನೆನಪಿನ ವಿಷಯದಲ್ಲಿ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರು ಒಂದು ಪಾಠವನ್ನು ಮತ್ತೆ ಓದಿದರು, ಕೆಲವರು ಮತ್ತೆ ಓದದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಓದಿದವರೇ ಮುಂದೆ. ಒಂದು ವಾರದ ನಂತರ ನೆನಪಿನಿಂದ ಬರೆದವರು ಮುಂದೆ. ಹಾಗಾಗಿ ವಾರದ ಕೊನೆಗೆ 20 ಪ್ರಶ್ನೆಯ ದೊಡ್ಡ ಆಟದ ಬದಲು, ದಿನಾ ತರಗತಿಯ ಶುರುವಿನಲ್ಲಿ ಮೂರೇ ಪ್ರಶ್ನೆ ಕೇಳಿ. ನಿನ್ನೆಯದೊಂದು, ಹೋದ ವಾರದ್ದೊಂದು, ಹೋದ ತಿಂಗಳದ್ದೊಂದು. ಗಲಾಟೆಯೂ ಕಡಿಮೆಯಾಗುತ್ತದೆ.

ಪ್ರಶ್ನೆ: ಸ್ಲೈಡ್ ಹಾಕಿ ಪಾಠ ಮಾಡಿದರೆ ಮಕ್ಕಳು ತೂಕಡಿಸುತ್ತಾರೆ. ಇನ್ನೂ ಚೆಂದದ ಸ್ಲೈಡ್ ಮಾಡುವ ಸಾಫ್ಟ್‌ವೇರ್ ಇದೆಯಾ?

ಚೆಂದ ಸಾಕು, ಅಕ್ಷರ ಕಡಿಮೆ ಮಾಡಿ. ಪರದೆಯ ಮೇಲಿರುವ ವಾಕ್ಯಗಳನ್ನೇ ನೀವು ಓದಿದರೆ ಮಗು ಎರಡನ್ನೂ ಒಟ್ಟಿಗೆ ಹಿಂಬಾಲಿಸಲು ಹೋಗಿ ದಣಿಯುತ್ತದೆ. ಸ್ಲೈಡಿನಲ್ಲಿ ಚಿತ್ರ ಇರಲಿ, ಮಾತು ನಿಮ್ಮದಿರಲಿ. ಮತ್ತೆ, ಪವರ್‌ಪಾಯಿಂಟ್ ನಡೆಯುತ್ತಿರುವಾಗ ಕೀಬೋರ್ಡಿನ ಬಿ ಒತ್ತಿದರೆ ಪರದೆ ಕಪ್ಪಾಗುತ್ತದೆ. ಮಾತಾಡುವಾಗ ಒತ್ತಿ ನೋಡಿ, ಎಲ್ಲರ ಕಣ್ಣು ನಿಮ್ಮ ಕಡೆ ತಿರುಗುತ್ತದೆ.

ಪ್ರಶ್ನೆ: ಮಕ್ಕಳು ಪ್ರಬಂಧವನ್ನು ಚಾಟ್‌ಜಿಪಿಟಿಯಲ್ಲಿ ಬರೆಸಿಕೊಂಡು ಬರುತ್ತಿದ್ದಾರೆ. ಕಂಡುಹಿಡಿಯುವ ಆ್ಯಪ್ ಯಾವುದು ಒಳ್ಳೆಯದು?

ಯಾವುದನ್ನೂ ನಂಬಿ ಮಗುವಿನ ಮೇಲೆ ಆರೋಪ ಹೊರಿಸಬೇಡಿ. ಇದನ್ನು ತುಂಬಾ ಗಂಭೀರವಾಗಿ ಕೇಳಿಕೊಳ್ಳುತ್ತಿದ್ದೇನೆ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಇಂಥ ಒಂದು ಪತ್ತೆ ಸಾಧನವನ್ನು 2023ರ ಶುರುವಿನಲ್ಲಿ ಬಿಟ್ಟು, ನಿಖರತೆ ಸಾಲದು ಅಂತ ಅದೇ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಏಳು ಪತ್ತೆ ಸಾಧನಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಸ್ವತಃ ಬರೆದ ಪ್ರಬಂಧಗಳಲ್ಲಿ, ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಅವು ಯಂತ್ರ ಬರೆದದ್ದು ಅಂದುಬಿಟ್ಟವು. ಸರಳ ಪದ, ಚಿಕ್ಕ ವಾಕ್ಯ ಬರೆಯುವ ಪ್ರಾಮಾಣಿಕ ಮಗುವೇ ಅಲ್ಲಿ ಸಿಕ್ಕಿಬೀಳುವುದು. ಒಮ್ಮೆ ಸುಳ್ಳು ಆರೋಪ ಹೊತ್ತ ಮಗು ಆಮೇಲೆ ನಿಮಗಾಗಿ ಮನಸ್ಸಿಟ್ಟು ಬರೆಯುತ್ತದೆಯೇ?

ಬದಲಿಗೆ ಕೆಲಸದ ರೀತಿ ಬದಲಿಸಿ. ಮೊದಲ ಪುಟವನ್ನು ತರಗತಿಯಲ್ಲೇ ಕೈಯಲ್ಲಿ ಬರೆಸಿ. ಗೂಗಲ್ ಡಾಕ್ಸ್‌ನಲ್ಲಿ ಬರೆಯುವುದಾದರೆ ಅದರ ಆವೃತ್ತಿ ಇತಿಹಾಸ ನೋಡಿ, ಪ್ರಬಂಧ ಸಾಲು ಸಾಲಾಗಿ ಬೆಳೆದಿದೆಯೋ ಒಂದೇ ಸಲ ಬಂದು ಕೂತಿದೆಯೋ ತಿಳಿಯುತ್ತದೆ. ಅದನ್ನೂ ಸಾಕ್ಷಿ ಅಂತ ಹಿಡಿಯಬೇಡಿ, ಮಾತು ಶುರು ಮಾಡಲು ಬಳಸಿ. ಈ ಉದಾಹರಣೆಯನ್ನೇ ಯಾಕೆ ಆರಿಸಿದೆ ಪುಟ್ಟಾ ಅಂತ ಎರಡು ನಿಮಿಷ ಕೇಳಿದರೆ ನಿಮಗೆ ಎಲ್ಲ ಗೊತ್ತಾಗುತ್ತದೆ.

ನಿಮ್ಮ ಸ್ವಂತ ಕೆಲಸಕ್ಕೆ ಎಐ ಬಳಸಲು ಹಿಂಜರಿಯಬೇಡಿ. ಒಂದೇ ಪಾಠದ ಮೇಲೆ ಹತ್ತು ಅಭ್ಯಾಸದ ಪ್ರಶ್ನೆ ಬೇಕಾದಾಗ ಸಮಯ ಉಳಿಯುತ್ತದೆ. ಆದರೆ ಪ್ರತಿ ಉತ್ತರವನ್ನೂ ನೀವೇ ಬಿಡಿಸಿ ನೋಡಿ. ತಪ್ಪನ್ನೂ ಅದು ಅಷ್ಟೇ ಧೈರ್ಯದಿಂದ ಹೇಳುತ್ತದೆ.

ಪ್ರಶ್ನೆ: ಈ ವರ್ಷ ನನ್ನ ತರಗತಿಗೆ ಕಣ್ಣು ಕಾಣದ ಒಬ್ಬ ವಿದ್ಯಾರ್ಥಿನಿ ಬಂದಿದ್ದಾಳೆ. ನೋಟ್ಸ್ ಎಲ್ಲ ವಾಟ್ಸಾಪ್‌ನಲ್ಲಿ ಫೋಟೋ ಕಳಿಸುತ್ತೇನೆ. ಅವಳಿಗೆ ಏನು ಮಾಡಲಿ?

ಮೊದಲು ಫೋಟೋ ನಿಲ್ಲಿಸಿ, ಟೈಪ್ ಮಾಡಿದ ಪಠ್ಯ ಕಳಿಸಿ. ಆ್ಯಂಡ್ರಾಯ್ಡ್ ಮೊಬೈಲ್‌ನಲ್ಲಿ ಟಾಕ್‌ಬ್ಯಾಕ್, ಐಫೋನ್‌ನಲ್ಲಿ ವಾಯ್ಸ್‌ಓವರ್ ಇರುತ್ತದೆ, ಪರದೆಯಲ್ಲಿರುವುದನ್ನು ಓದಿ ಹೇಳುತ್ತವೆ. ವಿಂಡೋಸ್ ಕಂಪ್ಯೂಟರ್‌ಗೆ ಹೀಗೇ ಪರದೆ ಓದುವ ಎನ್‌ವಿಡಿಎ ಹಾಕಿಕೊಡಿ, ಅದೂ ಉಚಿತ. ಅದನ್ನು 2006ರಲ್ಲಿ ಶುರು ಮಾಡಿದವರು ಆಸ್ಟ್ರೇಲಿಯಾದ ಮೈಕೆಲ್ ಕರನ್ ಮತ್ತು ಜೇಮ್ಸ್ ತೆಹ್, ಇಬ್ಬರಿಗೂ ದೃಷ್ಟಿ ಇಲ್ಲ.

ಕನ್ನಡದಲ್ಲಿ ಒಂದು ತೊಡಕಿದೆ. ನೋಟ್ಸ್ ಹಳೆಯ, ಯೂನಿಕೋಡ್ (ಎಲ್ಲ ಮೊಬೈಲ್, ಕಂಪ್ಯೂಟರ್‌ಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಫಾಂಟ್‌ನಲ್ಲಿ ಇದ್ದರೆ ನಿಮ್ಮ ಕಣ್ಣಿಗೆ ಕನ್ನಡ ಕಾಣುತ್ತದೆ, ಅವಳ ಕಿವಿಗೆ ಅರ್ಥವಿಲ್ಲದ ಅಕ್ಷರಗಳು ಬೀಳುತ್ತವೆ. ಯೂನಿಕೋಡ್‌ಗೆ ಬದಲಿಸಿ ಕಳಿಸಿ. ಚಿತ್ರ ಇದ್ದ ಕಡೆ ಅದರಲ್ಲಿ ಏನಿದೆ ಅಂತ ಎರಡು ಸಾಲು ಬರೆಯಿರಿ. ಬೋರ್ಡಿನ ಮುಂದೆ ನಿಂತು ಇದನ್ನು ಅಲ್ಲಿಗೆ ತಂದರೆ ಅಂತ ಬೆರಳು ತೋರಿಸುವ ಬದಲು, ಎಕ್ಸ್ ಅನ್ನು ಎಡಬದಿಗೆ ತಂದರೆ ಅಂತ ಬಾಯಿಬಿಟ್ಟು ಹೇಳಿ. ಹಿಂದಿನ ಬೆಂಚಿನ ಮಕ್ಕಳಿಗೂ ಇದರಿಂದ ಪಾಠ ಸ್ಪಷ್ಟವಾಗುತ್ತದೆ. ಎಲ್ಲಕ್ಕಿಂತ ಮೊದಲು ಅವಳನ್ನೇ ಕೇಳಿ. ಏನು ಬೇಕು, ಏನು ಬೇಡ ಅಂತ ಅವಳಿಗೇ ಚೆನ್ನಾಗಿ ಗೊತ್ತಿರುತ್ತದೆ.

ಪ್ರಶ್ನೆ: ಒಂದು ಆ್ಯಪ್ ಮಕ್ಕಳ ಹೆಸರು, ಹುಟ್ಟಿದ ದಿನ, ಫೋಟೋ ಎಲ್ಲ ಕೇಳುತ್ತಿದೆ. ಪೋಷಕರೊಬ್ಬರು ಬೇಡ ಅಂದರು. ಯಾರು ಸರಿ?

ಆ ಪೋಷಕರೇ ಸರಿ. ಕ್ವಿಜ್ ಆಡಲು ಹುಟ್ಟಿದ ದಿನ ಯಾಕೆ ಬೇಕು? ನೋಂದಣಿ ಸಂಖ್ಯೆಯನ್ನೋ ನೀವೇ ಇಟ್ಟ ಒಂದು ಅಡ್ಡಹೆಸರನ್ನೋ ಕೊಡಿ, ಯಾರು ಯಾರು ಅನ್ನುವ ಪಟ್ಟಿ ನಿಮ್ಮ ನೋಟ್‌ಬುಕ್ಕಿನಲ್ಲಿರಲಿ. ತುಂಬಾ ಆ್ಯಪ್‌ಗಳ ನಿಯಮದಲ್ಲೇ 13 ವರ್ಷಕ್ಕಿಂತ ಚಿಕ್ಕವರು ಸ್ವಂತ ಖಾತೆ ತೆರೆಯಬಾರದು ಅಂತಿದೆ. ಹೆಸರಿಲ್ಲದೆ ನಡೆಯುವುದೇ ಇಲ್ಲ ಅನ್ನುವ ಆ್ಯಪ್ ಆದರೆ ಬೇರೆ ಹುಡುಕಿ.

ನಿಮ್ಮ ಸ್ವಂತ ಶ್ರಮವನ್ನೂ ಹೀಗೇ ಕಾಪಾಡಿಕೊಳ್ಳಿ. ಆನ್‌ಲೈನ್ ತರಗತಿಯ ತಾಣ ಎಡ್ಮೋಡೋ 2022ರಲ್ಲಿ ಮುಚ್ಚಿತು, ಗೂಗಲ್‌ನ ಆನ್‌ಲೈನ್ ಬೋರ್ಡು ಜಾಮ್‌ಬೋರ್ಡ್ 2024ರ ಕೊನೆಗೆ ಮುಚ್ಚಿತು. ಶಿಕ್ಷಕರು ವರ್ಷಗಟ್ಟಲೆ ಕೂಡಿಟ್ಟ ಪಾಠಗಳನ್ನು ಗಡುವಿನೊಳಗೆ ಬೇರೆ ಕಡೆ ಸಾಗಿಸಬೇಕಾಯಿತು. ಅದಕ್ಕೇ ನಾನು ಪ್ರಶ್ನೆಗಳನ್ನು ಮೊದಲು ಸಾದಾ ಸ್ಪ್ರೆಡ್‌ಶೀಟ್‌ನಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಒಂದು ಕಾಲಂನಲ್ಲಿ ಪ್ರಶ್ನೆ, ನಾಲ್ಕರಲ್ಲಿ ಆಯ್ಕೆ, ಕೊನೆಯದರಲ್ಲಿ ಆ ತಪ್ಪನ್ನು ಮಕ್ಕಳು ಯಾಕೆ ಮಾಡುತ್ತಾರೆ ಅನ್ನುವ ಟಿಪ್ಪಣಿ. ಅಲ್ಲಿಂದ ಯಾವ ಆ್ಯಪ್‌ಗೆ ಬೇಕಾದರೂ ಹಾಕಿಕೊಳ್ಳಬಹುದು.