ಶಗಾಲ್ ಚಿತ್ರಗಳಲ್ಲಿ ಜನ ಯಾಕೆ ಗಾಳಿಯಲ್ಲಿ ತೇಲುತ್ತಾರೆ?

ಚಿತ್ರಕಾರ ಮಾರ್ಕ್ ಶಗಾಲ್ ಚಿತ್ರಗಳಲ್ಲಿ ಮನುಷ್ಯರು ತೇಲುತ್ತಾರಲ್ಲ, ಅದೆಲ್ಲ ಬರೀ ಕನಸಾ ಅಂತ ಕೇಳಿದ್ದೀರಿ. ನಾನೂ ತುಂಬಾ ದಿನ ಹಾಗೇ ಅಂದುಕೊಂಡಿದ್ದೆ. ಅವನ ಮನೆಮಾತು ಯಿದ್ದಿಶ್, ಅಂದರೆ ಪೂರ್ವ ಯುರೋಪಿನ ಯಹೂದಿಗಳ ಆಡುಮಾತು, ಅಂತ ಗೊತ್ತಾದ ಮೇಲೆ ಆ ಚಿತ್ರಗಳು ನನಗೆ ಬೇರೆಯಾಗಿಯೇ ಕಾಣತೊಡಗಿದವು.

ಶಗಾಲ್ ಹುಟ್ಟಿದ್ದು 1887ರಲ್ಲಿ, ಈಗಿನ ಬೆಲಾರುಸ್‌ನ ವಿಟೆಬ್ಸ್ಕ್ ಕಡೆ. ಆ ಊರಲ್ಲಿ ಆಗ ಅರ್ಧದಷ್ಟು ಜನ ಯಹೂದಿಗಳೇ. ಅಪ್ಪ ಮೀನಿನ ಗೋದಾಮಿನಲ್ಲಿ ಕೆಲಸಕ್ಕಿದ್ದ, ಅಮ್ಮ ಸಣ್ಣದೊಂದು ದಿನಸಿ ಅಂಗಡಿ ನೋಡಿಕೊಳ್ಳುತ್ತಿದ್ದಳು. ಒಂಬತ್ತು ಮಕ್ಕಳಲ್ಲಿ ಇವನೇ ಹಿರಿಯ.

1914ರ ಸುಮಾರಿಗೆ ಬಿಡಿಸಿದ ಒಂದು ಚಿತ್ರದಲ್ಲಿ, ಬೆನ್ನಿಗೆ ಚೀಲ ಹೊತ್ತ ಮುದುಕನೊಬ್ಬ ಹಿಮ ಬಿದ್ದ ವಿಟೆಬ್ಸ್ಕ್ ಮೇಲೆ ತೇಲಿ ಹೋಗುತ್ತಾನೆ. ನಾವು ಮನೆ ಮನೆ ತಿರುಗಿ ಬೇಡುವವನು ಅನ್ನುತ್ತೇವೆ. ಯಿದ್ದಿಶ್‌ನಲ್ಲಿ ಅದಕ್ಕೆ 'ಮನೆಗಳ ಮೇಲೆ ಹೋಗುತ್ತಾನೆ' ಅಂತಾರೆ. ಶಗಾಲ್ ಆ ಮಾತನ್ನು ಇದ್ದ ಹಾಗೇ ಬಿಡಿಸಿಬಿಟ್ಟ!

ಅದಕ್ಕೂ ಮುಂಚೆ ಪ್ಯಾರಿಸ್‌ನಲ್ಲಿದ್ದಾಗಲೂ ಹೀಗೇ ಮಾಡಿದ್ದ. 1912-13ರಲ್ಲಿ ತನ್ನದೇ ಚಿತ್ರ ಬರೆದುಕೊಂಡ. ಎಡಗೈಯಲ್ಲಿ ಏಳು ಬೆರಳು! ಜೀವ ತೇಯ್ದು ಕೆಲಸ ಮಾಡುವುದಕ್ಕೆ ಯಿದ್ದಿಶ್‌ನಲ್ಲಿ 'ಏಳೂ ಬೆರಳಿನಿಂದ' ಮಾಡುವುದು ಅಂತಾರೆ. ಆ ಚಿತ್ರದ ಕಿಟಕಿಯಾಚೆ ಐಫೆಲ್ ಗೋಪುರವಿದೆ, ಆದರೆ ಅವನು ಬಿಡಿಸುತ್ತಾ ಕೂತಿರುವುದು ಹಸು, ಹಾಲು ಕರೆಯುವ ಹೆಂಗಸು. ನನಗೆ ಅವನ ಚಿತ್ರಗಳಲ್ಲೆಲ್ಲ ಇದೇ ಜಾಸ್ತಿ ಇಷ್ಟ.

ಇನ್ನು ಅವನ ಚಿತ್ರಗಳಲ್ಲಿ ಬರುವ ಚಾವಣಿ ಮೇಲಿನ ಪಿಟೀಲುಗಾರ. ಶಗಾಲ್ ಮನೆಯಲ್ಲೇ ಪಿಟೀಲು ನುಡಿಸುವ ಮಾವನೊಬ್ಬನಿದ್ದ. ಅಜ್ಜ ಒಂದು ಹಬ್ಬದ ದಿನ ಕಾಣೆಯಾಗಿ, ಕೊನೆಗೆ ಚಾವಣಿ ಮೇಲೆ ಕ್ಯಾರೆಟ್ ತಿನ್ನುತ್ತಾ ಸಿಕ್ಕಿದ್ದನ್ನು ಶಗಾಲ್ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ.

ಎಲ್ಲ ತೇಲಾಟಕ್ಕೂ ಗಾದೆ ಹುಡುಕಬೇಕಿಲ್ಲ. 1915ರಲ್ಲಿ, ಮದುವೆಗೆ ಕೆಲವೇ ವಾರ ಮುಂಚೆ, ಅವನ ಕೈಹಿಡಿಯಲಿದ್ದ ಬೆಲ್ಲಾ ಅವನ ಹುಟ್ಟುಹಬ್ಬಕ್ಕೆ ಹೂವು ಹಿಡಿದು ಬಂದಳು. ಆ ದಿನದ ಬಗ್ಗೆ ಬಿಡಿಸಿದ ಚಿತ್ರದಲ್ಲಿ ಅವನು ಮೇಲಕ್ಕೆ ತೇಲಿ, ಕತ್ತು ಹಿಂದಕ್ಕೆ ತಿರುಗಿಸಿ ಅವಳಿಗೆ ಮುತ್ತಿಡುತ್ತಾನೆ. ಖುಷಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ ಅಂತ ನಾವೂ ಹೇಳ್ತೀವಿ, ಅಲ್ವಾ?

ಆದರೆ 1938ರ 'ಬಿಳಿ ಶಿಲುಬೆ'ಯ ಚಿತ್ರವನ್ನು ತಪ್ಪದೇ ನೋಡಿ. ಜರ್ಮನಿಯಲ್ಲಿ ಯಹೂದಿಗಳ ಮೇಲೆ ದಾಳಿಗಳು ನಡೆಯುತ್ತಿದ್ದ ವರ್ಷ ಅದು. ಶಿಲುಬೆಯ ಮೇಲಿನ ಯೇಸುವಿನ ಸೊಂಟಕ್ಕೆ ಯಹೂದಿಗಳು ಪ್ರಾರ್ಥನೆಗೆ ಹೊದೆಯುವ ಶಾಲು ಸುತ್ತಿದೆ. ಒಂದು ಕಡೆ ಪ್ರಾರ್ಥನಾ ಮಂದಿರ ಉರಿಯುತ್ತಿದೆ. ಇಲ್ಲೂ ಮೇಲೆ ಕೆಲವರು ತೇಲುತ್ತಿದ್ದಾರೆ, ಆದರೆ ಅವರು ಅಳುತ್ತಿದ್ದಾರೆ. ಚಿತ್ರ ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. ನೆಟ್‌ನಲ್ಲೇ ದೊಡ್ಡದು ಮಾಡಿ, ಬಲಗಡೆ ಕೆಳಗೆ ನೋಡಿ. ಹಸಿರು ಬಟ್ಟೆಯವನೊಬ್ಬ ಉರಿಯುವ ಧರ್ಮಗ್ರಂಥದ ಸುರುಳಿಯನ್ನು ದಾಟಿ ಓಡುತ್ತಿದ್ದಾನೆ. ಬೆನ್ನ ಮೇಲೆ ಅದೇ ಚೀಲ.