ಊರ ನಡುವಿನ ನದಿಯಲ್ಲಿ ಇವತ್ತು ಈಜಬಹುದು ಅಂತ ಹೇಗೆ ಗೊತ್ತಾಗುತ್ತದೆ?

ನೀವು ಕೇಳಿದ್ದು ಇದು: ದೊಡ್ಡ ಊರಿನ ನಡುವೆ ಹರಿಯುವ ನದಿಯಲ್ಲಿ ಜನ ಈಜಬಹುದು ಅಂತ ಯಾವ ಧೈರ್ಯದ ಮೇಲೆ ಹೇಳುತ್ತಾರೆ, ದಿನಾ ನೀರು ಪರೀಕ್ಷೆ ಮಾಡಿದರೆ ಸಾಕಾ, ನಮ್ಮೂರಲ್ಲಿ ನಾಲ್ಕು ಜನ ಸೇರಿ ಇದನ್ನು ಶುರು ಮಾಡಬಹುದಾ. ಹತ್ತಿರದಿಂದ ನೋಡಿದವರು ಹೇಳಿ ಅಂತಲೂ ಬರೆದಿದ್ದೀರಿ.

ನಾನು ಅಮೆರಿಕದ ಬಾಸ್ಟನ್ ಪಕ್ಕದ ಒಂದು ಊರಲ್ಲಿದ್ದೇನೆ. ಇಲ್ಲಿ ಚಾರ್ಲ್ಸ್ ನದಿ ಹರಿಯುತ್ತದೆ. ತಿಂಗಳಿಗೊಮ್ಮೆ ಬೆಳಗ್ಗೆ ಎದ್ದು ಹೋಗಿ ಅದರ ನೀರನ್ನು ಬಾಟಲಿಗೆ ತುಂಬಿ ಕೊಡುವ ಸ್ವಯಂಸೇವಕರಲ್ಲಿ ನಾನೂ ಒಬ್ಬ. ಪರೀಕ್ಷೆ ಬೇಕೇ ಬೇಕು. ಆದರೆ ಅದು ನಿಮಗೆ ಹೇಳುವುದು ನಿನ್ನೆಯ ನೀರಿನ ಕಥೆ. ಇವತ್ತಿನ ನೀರಿಗೆ ಇಳಿಯುವವನಿಗೆ ಬೇರೆ ಒಂದಷ್ಟು ವಿಷಯ ಗೊತ್ತಿರಬೇಕು. ಅದನ್ನೇ ಬಿಡಿಸಿ ಹೇಳುತ್ತೇನೆ.

ಮೊದಲು ಈ ನದಿಯ ಹಿನ್ನೆಲೆ. ಸುಮಾರು 130 ಕಿ.ಮೀ. ಉದ್ದ, ಇಪ್ಪತ್ತಕ್ಕೂ ಹೆಚ್ಚು ಊರುಗಳನ್ನು ಬಳಸಿಕೊಂಡು ಬಾಸ್ಟನ್ ಬಂದರು ಸೇರುತ್ತದೆ. ಹಿಂದೆ ದಡದಲ್ಲಿ ಜನ ಈಜುವ ಜಾಗಗಳಿದ್ದವು. 1950ರ ದಶಕದ ಹೊತ್ತಿಗೆ ಕೊಳಕು ಜಾಸ್ತಿಯಾಗಿ ಎಲ್ಲ ನಿಂತುಹೋಯಿತು. 1995ರಲ್ಲಿ ಇಲ್ಲಿನ ಕೇಂದ್ರ ಪರಿಸರ ಸಂಸ್ಥೆ ನದಿಗೆ ಶಾಲೆ ಮಕ್ಕಳಿಗೆ ಕೊಡುವ ಹಾಗೆ ಗ್ರೇಡ್ ಕೊಡಲು ಶುರು ಮಾಡಿತು. ಮೊದಲ ವರ್ಷ ಸಿಕ್ಕಿದ್ದು 'ಡಿ'. ಆ ವರ್ಷ ಈಜುವ ಮಟ್ಟಕ್ಕೆ ನೀರು ಸರಿ ಇದ್ದದ್ದು 100ಕ್ಕೆ 19 ಸಲ ಮಾತ್ರ. ದೋಣಿ ಹುಟ್ಟು ಹಾಕುವುದಕ್ಕೂ 100ಕ್ಕೆ 39 ಸಲ. ಈಗ ಗ್ರೇಡ್ 'ಬಿ' ಆಸುಪಾಸಿಗೆ ಬಂದಿದೆ. 1996ರಲ್ಲಿ ಆಗಿನ ಗವರ್ನರ್ ವಿಲಿಯಂ ವೆಲ್ಡ್ ನದಿ ರಕ್ಷಣೆಯ ಕಾಯ್ದೆಗೆ ಸಹಿ ಹಾಕಿ, ಹಾಕಿದ ಬಟ್ಟೆಯಲ್ಲೇ ನದಿಗೆ ಹಾರಿದ್ದರು. ಸಾಮಾನ್ಯ ಜನರಿಗೆ ಒಪ್ಪಿಗೆ ಕೊಟ್ಟು ಈಜಲು ಬಿಟ್ಟಿದ್ದು 2013ರ ಬೇಸಿಗೆಯಲ್ಲಿ, ಅದೂ ಒಂದು ದಿನದ ಮಟ್ಟಿಗೆ. ದಡದಿಂದ ಇಳಿಯಲು ಬಿಡಲಿಲ್ಲ. ಆಳ ಇರುವ ಕಡೆ ಕಟ್ಟೆಯಿಂದ ಹಾರಬೇಕು, ತಳಕ್ಕೆ ಕಾಲು ತಾಗಿಸಬಾರದು. ಯಾಕೆಂದರೆ ಮೇಲಿನ ನೀರು ಸುಧಾರಿಸಿದ್ದರೂ ನೂರಾರು ವರ್ಷಗಳ ಕಾರ್ಖಾನೆ ಕೊಳೆ ಕೆಸರಿನಲ್ಲಿ ಹಾಗೇ ಕೂತಿದೆ. ಇವತ್ತಿಗೂ ಬಾಸ್ಟನ್ ಭಾಗದಲ್ಲಿ ಬೇಕಾದ ಹಾಗೆ ಇಳಿಯುವಂತಿಲ್ಲ, ಒಪ್ಪಿಗೆ ಪಡೆದ ಈಜಿನ ದಿನಗಳು ಮಾತ್ರ. ಇಷ್ಟು ಕಾಲ ಹಿಡಿಯುತ್ತದೆ ಅನ್ನುವುದು ನಿಮಗೆ ಮೊದಲೇ ಗೊತ್ತಿರಲಿ.

ಈಗ ಬಾಟಲಿಯ ವಿಷಯ. ನಾವು ಹೋಗುವುದು ಬೆಳಗ್ಗೆ ಆರರ ಹೊತ್ತಿಗೆ. ಅಷ್ಟು ಬೇಗ ಹೋಗುವುದರಿಂದ ಒಂದು ಲಾಭವಿದೆ. ಬಿಸಿಲು ಬಿದ್ದರೆ ನೀರಿನ ಮೇಲ್ಪದರದ ಬ್ಯಾಕ್ಟೀರಿಯ ಸಾಯುತ್ತ ಹೋಗುತ್ತವೆ. ಮಧ್ಯಾಹ್ನ ತುಂಬಿದರೆ ಲೆಕ್ಕ ಚಂದ ಬರುತ್ತದೆ, ನಿಜ ಬರುವುದಿಲ್ಲ. ಬಾಟಲಿಯನ್ನು ಲ್ಯಾಬ್‌ನವರು ಮೊದಲೇ ಶುದ್ಧ ಮಾಡಿ ಕೊಟ್ಟಿರುತ್ತಾರೆ. ತೊಳೆಯಬಾರದು. ಮುಚ್ಚಳದ ಒಳಗೆ, ಬಾಟಲಿಯ ಬಾಯಿಗೆ ಬೆರಳು ತಾಗಬಾರದು. ಬಾಯಿ ಕೆಳಗೆ ಮಾಡಿ ಮೊಣಕೈವರೆಗೂ ಮುಳುಗಿಸಬೇಕು. ಆಮೇಲೆ ಹರಿವು ಬರುವ ಕಡೆಗೆ ಬಾಯಿ ತಿರುಗಿಸಿ ಮೇಲೆತ್ತಬೇಕು. ಆಗ ನಮ್ಮ ಕೈ ತೊಳೆದ ನೀರು ಬಾಟಲಿಗೆ ಬರುವುದಿಲ್ಲ. ಸೇತುವೆ ಮೇಲಿನಿಂದಾದರೆ ಹಗ್ಗ ಕಟ್ಟಿದ ಬಕೆಟ್. ಜನವರಿಯಲ್ಲಿ ಆ ಒದ್ದೆ ಹಗ್ಗ ಎರಡು ನಿಮಿಷಕ್ಕೆ ಕೋಲಿನ ಹಾಗೆ ಸೆಟೆದು ನಿಲ್ಲುತ್ತದೆ, ಸುತ್ತಲು ಬರುವುದೇ ಇಲ್ಲ. ತುಂಬಿದ ಬಾಟಲಿ ಐಸ್ ಪೆಟ್ಟಿಗೆಗೆ ಹೋಗಬೇಕು, ಆರು ಗಂಟೆಯೊಳಗೆ ಲ್ಯಾಬ್ ಸೇರಬೇಕು. ಜೊತೆಗೆ ಚೀಟಿಯಲ್ಲಿ ಸಮಯ, ನೀರಿನ ಬಿಸಿ, ಬಣ್ಣ, ವಾಸನೆ, ಹಿಂದಿನ ಮೂರು ದಿನದಲ್ಲಿ ಮಳೆ ಬಂತಾ ಅನ್ನುವುದನ್ನೆಲ್ಲ ಬರೆಯುತ್ತೇವೆ. ನನ್ನ ಅನುಭವದಲ್ಲಿ ಈ ಚೀಟಿಗೆ ಬಾಟಲಿಯಷ್ಟೇ ಬೆಲೆ. ಮಳೆ ಬಂದಿತ್ತಾ ಇಲ್ಲವಾ ಗೊತ್ತಿಲ್ಲದಿದ್ದರೆ ಬಂದ ಸಂಖ್ಯೆಗೆ ಅರ್ಥವೇ ಇಲ್ಲ.

ಲ್ಯಾಬ್‌ನಲ್ಲಿ ಮುಖ್ಯವಾಗಿ ಎಣಿಸುವುದು ಇ. ಕೋಲಿ. ಮನುಷ್ಯರ, ಬಿಸಿ ರಕ್ತದ ಪ್ರಾಣಿಗಳ ಕರುಳಿನಲ್ಲಿ ಇರುವ ಬ್ಯಾಕ್ಟೀರಿಯ. ಅದರಲ್ಲಿ ಹೆಚ್ಚಿನವು ತಾವಾಗಿ ರೋಗ ತರುವುದಿಲ್ಲ. ಆದರೆ ಅದು ಇದ್ದ ಕಡೆ ಮಲದ ನೀರು ಸೇರಿದೆ ಅಂತ ಅರ್ಥ. ಮಲದ ನೀರು ಸೇರಿದರೆ ಹೊಟ್ಟೆ ಕೆಡಿಸುವ ವೈರಸ್‌ಗಳೂ ಜೊತೆಗೆ ಬಂದಿರಬಹುದು. ಒಂದು ಲ್ಯಾಬ್‌ನಲ್ಲಿ ಇದನ್ನು ಕಣ್ಣಾರೆ ನೋಡಿದೆ. 100 ಮಿ.ಲೀ. ನೀರಿಗೆ ಒಂದು ಪೊಟ್ಟಣ ಪುಡಿ ಹಾಕಿ ಅಲುಗಾಡಿಸುತ್ತಾರೆ. ಸಣ್ಣ ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ಟ್ರೇಗೆ ಸುರಿದು ಸೀಲ್ ಮಾಡಿ 35 ಡಿಗ್ರಿಯ ಪೆಟ್ಟಿಗೆಯಲ್ಲಿ ಒಂದು ದಿನ ಇಡುತ್ತಾರೆ. ಮರುದಿನ ದೀಪ ಆರಿಸಿ ಯುವಿ ಲ್ಯಾಂಪ್ ಕೆಳಗೆ ಹಿಡಿದರೆ ಕೆಲವು ಗುಳಿಗಳು ನೀಲಿಯಾಗಿ ಹೊಳೆಯುತ್ತವೆ. ಎಷ್ಟು ಹೊಳೆದವು ಅಂತ ಎಣಿಸಿ ಪಟ್ಟಿಯಲ್ಲಿ ನೋಡಿದರೆ ಸಂಖ್ಯೆ ಸಿಗುತ್ತದೆ. ತುಂಬ ಚಂದದ ನೀಲಿ ಅದು. ಹೊಳೆಯುತ್ತಿರುವುದು ಏನು ಅಂತ ನೆನಪಾದಾಗ ಮಾತ್ರ ಹೊಟ್ಟೆ ತೊಳಸುತ್ತದೆ.

ಇಲ್ಲಿ ಗಮನಿಸಿ, ಒಂದು ದಿನ ಕಳೆಯಿತು. ಅಷ್ಟರಲ್ಲಿ ನಾನು ಬಾಟಲಿ ತುಂಬಿದ ಜಾಗದ ನೀರು ಮುಂದಕ್ಕೆ ಹರಿದು ಹೋಗಿರುತ್ತದೆ.

ಸಂಖ್ಯೆ ಎಷ್ಟಿರಬೇಕು? ಇಲ್ಲಿ ಈಜಿಗೆ ಒಂದು ಸ್ಯಾಂಪಲ್‌ನಲ್ಲಿ 100 ಮಿ.ಲೀ.ಗೆ 235 ದಾಟಬಾರದು, ಹಲವು ಸ್ಯಾಂಪಲ್‌ಗಳ ಸರಾಸರಿ 126 ದಾಟಬಾರದು. ಈ 126 ಸುಮ್ನೆ ಬಂದದ್ದಲ್ಲ. ಈಜಿದವರಲ್ಲಿ ಎಷ್ಟು ಮಂದಿಗೆ ಹೊಟ್ಟೆ ಕೆಟ್ಟಿತು ಅಂತ ಲೆಕ್ಕ ಹಾಕಿ 1986ರಲ್ಲಿ ಇಟ್ಟ ಅಳತೆ ಅದು. ಸಾವಿರ ಜನ ಈಜಿದರೆ ಸುಮಾರು 8 ಮಂದಿಗೆ ತೊಂದರೆಯಾಗಬಹುದು ಅನ್ನುವ ಮಟ್ಟ. ಅಂದರೆ 'ಸುರಕ್ಷಿತ' ಅಂದಾಗಲೂ ಅಪಾಯ ಸೊನ್ನೆ ಅಲ್ಲ. ಇದನ್ನು ಜನರಿಗೆ ಬಾಯಿ ಬಿಟ್ಟು ಹೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮುಚ್ಚಿಟ್ಟರೆ ಮೊದಲ ಸಲ ಯಾರಿಗಾದರೂ ವಾಂತಿಯಾದ ದಿನವೇ ನಂಬಿಕೆ ಹೋಗುತ್ತದೆ.

ಹಾಗಾದರೆ ಇವತ್ತಿನ ನೀರಿಗೆ ಏನು ಮಾಡುತ್ತಾರೆ? ವರ್ಷಗಟ್ಟಲೆ ಕೂಡಿಟ್ಟ ಸಂಖ್ಯೆಗಳನ್ನು ಮಳೆಯ ಲೆಕ್ಕದ ಪಕ್ಕ, ನದಿಯ ಹರಿವಿನ ಲೆಕ್ಕದ ಪಕ್ಕ ಇಟ್ಟು ನೋಡುತ್ತಾರೆ. ಎಷ್ಟು ಮಳೆ ಬಿದ್ದರೆ, ಎಷ್ಟು ಹೊತ್ತಿನವರೆಗೆ ನೀರು ಕೆಡುತ್ತದೆ ಅನ್ನುವ ಅಂದಾಜು ಅದರಿಂದ ಸಿಗುತ್ತದೆ. ಅದರ ಮೇಲೆ ಬೇಸಿಗೆಯ ದಿನಗಳಲ್ಲಿ ದೋಣಿಮನೆಗಳ ಮುಂದೆ ಬಾವುಟ ಏರಿಸುತ್ತಾರೆ. ನೀಲಿ ಇದ್ದರೆ ಸರಿ, ಕೆಂಪಾದರೆ ಬೇಡ. ಇದು ದೋಣಿಯವರಿಗಾಗಿ ಇರುವ ಬಾವುಟ. ದೋಣಿಗೆ ಮಿತಿ 1260, ಹಾಗಾಗಿ ನೀಲಿ ಕಂಡಿತು ಅಂತ ಈಜಲು ಹೊರಟರೆ ತಪ್ಪು.

ನಾನು ತೀರ್ಥಹಳ್ಳಿ ಕಡೆಯವನು. ತುಂಗೆಯಲ್ಲಿ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತೆ. ಅಜ್ಜ ಹೊಳೆಗೆ ಬಿಡುವ ಮೊದಲು ನೀರಿನ ಬಣ್ಣ ನೋಡುತ್ತಿದ್ದರು. ಕೆಂಪಗಿದ್ದರೆ "ಮೇಲೆ ಎಲ್ಲೋ ಮಳೆ ಹೊಯ್ದಿದೆ, ಇವತ್ತು ಬೇಡ ಮಗಾ" ಅನ್ನುತ್ತಿದ್ದರು. ಅವರ ಭಯ ಸೆಳೆತದ್ದು, ರೋಗದ್ದಲ್ಲ. ಆದರೆ ಮೇಲಿನ ಮಳೆಯಿಂದ ಕೆಳಗಿನ ನೀರನ್ನು ಅಂದಾಜು ಮಾಡುವ ಕೆಲಸ ಅದೇ ಅಲ್ವಾ?

ಮಳೆ ಬಂದರೆ ನೀರು ಯಾಕೆ ಕೆಡುತ್ತದೆ? ಬಾಸ್ಟನ್, ಕೇಂಬ್ರಿಡ್ಜ್‌ನ ಹಳೆಯ ಭಾಗಗಳಲ್ಲಿ ಮಳೆನೀರು, ಮನೆಗಳ ಕೊಳಚೆ ಎರಡೂ ಒಂದೇ ಪೈಪಿನಲ್ಲಿ ಹೋಗುತ್ತಿದ್ದವು. ಜೋರು ಮಳೆಗೆ ಪೈಪು ತುಂಬಿ ನದಿಗೆ ಉಕ್ಕುತ್ತಿತ್ತು. ಹಲವು ವರ್ಷ ಪೈಪು ಬೇರೆ ಮಾಡಿ ಅದರಲ್ಲಿ ಬಹುಪಾಲನ್ನು ನಿಲ್ಲಿಸಿದ್ದಾರೆ. ಪ್ಯಾರಿಸ್‌ನಲ್ಲೂ ಇದೇ ಕಾಟ. ಅಲ್ಲಿ ಸೀನ್ ನದಿಯಲ್ಲಿ 1923ರಿಂದ ಈಜು ನಿಷೇಧವಿತ್ತು. 2024ರ ಒಲಿಂಪಿಕ್ಸ್‌ಗೆ ಮೊದಲು ಸುಮಾರು 140 ಕೋಟಿ ಯೂರೊ ಸುರಿದರು. ಮಳೆನೀರು ಹಿಡಿದಿಡಲು ನೆಲದಡಿ 50,000 ಘನ ಮೀಟರ್‌ನ ತೊಟ್ಟಿ ಕಟ್ಟಿದರು. ಆದರೂ ಮಳೆ ಬಂದು ಗಂಡಸರ ಟ್ರಯಾಥ್ಲಾನ್ (ಈಜು, ಸೈಕಲ್, ಓಟ ಮೂರೂ ಇರುವ ಸ್ಪರ್ಧೆ) ಒಂದು ದಿನ ಮುಂದಕ್ಕೆ ಹೋಯಿತು. 2025ರ ಜುಲೈನಲ್ಲಿ ಮೂರು ಕಡೆ ಜನರಿಗೆ ಬಿಟ್ಟರು, ಮಳೆಯಿಂದಾಗಿ ಮರುದಿನವೇ ಮುಚ್ಚಬೇಕಾಯಿತು. ತುಂಬ ಜನ ಇದನ್ನು ಸೋಲು ಅಂದರು. ನಾನು ಒಪ್ಪುವುದಿಲ್ಲ. ಮುಚ್ಚಬೇಕಾದ ದಿನ ಮುಚ್ಚುವ ಊರನ್ನು ಮಾತ್ರ ತೆರೆದ ದಿನ ನಂಬಬಹುದು.

ಇನ್ನೊಂದು ಕೆಲಸ ಇದೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಇದು. ಮಳೆ ಇಲ್ಲದ ದಿನದ ಸಂಖ್ಯೆ. ಒಂದು ಆಗಸ್ಟ್‌ನಲ್ಲಿ ಹತ್ತು ದಿನದಿಂದ ಹನಿ ಮಳೆ ಇರಲಿಲ್ಲ, ಆದರೂ ನಾನು ನೀರು ತುಂಬುವ ಜಾಗದ ಸಂಖ್ಯೆ ವಿಪರೀತ ಬಂತು. ನಾನೇ ಏನೋ ತಪ್ಪು ಮಾಡಿದೆ ಅಂದುಕೊಂಡೆ. ಮುಂದಿನ ತಿಂಗಳೂ ಹಾಗೇ ಬಂತು. ಆಮೇಲೆ ದಡ ಹಿಡಿದು ಮೇಲಕ್ಕೆ ನಡೆದು ನೋಡಿದರೆ ಒಂದು ಸಿಮೆಂಟ್ ಪೈಪು. ಮಳೆನೀರಿನ ಚರಂಡಿಯ ಬಾಯಿ ಅದು, ಆ ದಿನ ಒಣಗಿರಬೇಕಿತ್ತು. ಬೆರಳು ದಪ್ಪದ ನೀರು ಹರಿಯುತ್ತಲೇ ಇತ್ತು. ಕೆಳಗಿನ ಕಲ್ಲುಗಳ ಮೇಲೆ ಬೂದು ಬಣ್ಣದ ಲೋಳೆ. ಬಟ್ಟೆ ಒಗೆಯುವ ಸೋಪಿನ ವಾಸನೆ.

ಆಮೇಲಿನ ಕೆಲಸ ಊರಿನ ಚರಂಡಿ ವಿಭಾಗದವರದ್ದು. ಪೈಪಿನ ನೀರಿನಲ್ಲಿ ಅಮೋನಿಯ ಇದೆಯಾ, ಸೋಪಿನ ಅಂಶ ಇದೆಯಾ ನೋಡುತ್ತಾರೆ. ಎರಡೂ ಇದ್ದರೆ ಮನೆಗಳ ಕೊಳಚೆ ಅನ್ನುವುದು ಹೆಚ್ಚುಕಡಿಮೆ ಖಾತ್ರಿ. ಕೆಲವು ಕಡೆ ಕೆಫೀನ್ ಕೂಡ ಹುಡುಕುತ್ತಾರೆ, ಕಾಫಿ ಕುಡಿಯುವ ಪ್ರಾಣಿ ಮನುಷ್ಯ ಒಬ್ಬನೇ ಅಲ್ವಾ. ಆಮೇಲೆ ಒಂದೊಂದೇ ಮ್ಯಾನ್‌ಹೋಲ್ ತೆರೆದು ಮೇಲಕ್ಕೆ ಹೋಗುತ್ತಾರೆ. ಇದರಲ್ಲಿ ಹರಿಯುತ್ತಿದೆ, ಮುಂದಿನದರಲ್ಲಿ ಒಣಗಿದೆ. ಅಂದರೆ ತಪ್ಪು ಈ ಎರಡರ ನಡುವೆ. ಅಲ್ಲಿನ ಕಟ್ಟಡಗಳ ಟಾಯ್ಲೆಟ್‌ಗೆ ಹಸಿರು ಬಣ್ಣ ಹಾಕಿ ಫ್ಲಶ್ ಮಾಡುತ್ತಾರೆ. ನಮ್ಮ ಪ್ರಕರಣದಲ್ಲಿ ಮಳೆನೀರಿನ ಚರಂಡಿಯಲ್ಲಿ ಆ ಹಸಿರು ಬಂದೇಬಿಟ್ಟಿತು. ಎಂದೋ ಯಾರೋ ಒಂದು ಕಟ್ಟಡದ ಕೊಳಚೆ ಪೈಪನ್ನು ತಪ್ಪು ಚರಂಡಿಗೆ ಜೋಡಿಸಿದ್ದರು. ಒಳಗಿದ್ದವರಿಗೂ ಗೊತ್ತಿರಲಿಲ್ಲ. ಸರಿ ಮಾಡಿದ ಮೇಲೆ ಒಣ ದಿನಗಳಲ್ಲಿ ಆ ಸಂಖ್ಯೆ ಇಳಿಯಿತು, ಈವರೆಗೆ ಮತ್ತೆ ಏರಿಲ್ಲ. ಲ್ಯಾಬ್‌ನಿಂದ ಬಂದ ಆ ಸಂಖ್ಯೆ ನೋಡಿದ ದಿನದ ಖುಷಿ ಇನ್ನೂ ನೆನಪಿದೆ.

ಇ. ಕೋಲಿ ಒಂದನ್ನೇ ನಂಬಿ ಕೂರಬೇಡಿ ಅಂತಲೂ ಹೇಳಬೇಕು. 2006ರ ಬೇಸಿಗೆಯಲ್ಲಿ ಚಾರ್ಲ್ಸ್‌ನ ಕೆಳಭಾಗದಲ್ಲಿ ವಿಷದ ನೀಲಿ-ಹಸಿರು ಪಾಚಿ ಹಬ್ಬಿ, ಆಗಬೇಕಿದ್ದ ಈಜು ಸ್ಪರ್ಧೆ ಮರುವರ್ಷಕ್ಕೆ ಹೋಯಿತು. ಬ್ಯಾಕ್ಟೀರಿಯದ ಪರೀಕ್ಷೆಗೆ ಅದು ಕಾಣುವುದೇ ಇಲ್ಲ. ರಂಜಕ ಜಾಸ್ತಿಯಾಗಿ, ಬಿಸಿಲು ಜೋರಾದರೆ ಈ ಪಾಚಿ ಬರುತ್ತದೆ. ಅದಕ್ಕೆ ನದಿಯಲ್ಲಿ ತೇಲುವ ಒಂದು ಯಂತ್ರ ಇಟ್ಟು 15 ನಿಮಿಷಕ್ಕೊಮ್ಮೆ ನೀರಿನ ಬಿಸಿ, ಆಮ್ಲಜನಕ, ಪಾಚಿಯ ಬಣ್ಣದ ಅಂಶ ಎಲ್ಲ ಅಳೆಯುವ ವ್ಯವಸ್ಥೆ ಮಾಡಿದರು.

ಇನ್ನು ನಿಮ್ಮ ಊರು. ನಮ್ಮ ದೇಶದಲ್ಲೂ ಸ್ನಾನದ ನೀರಿಗೆ ಅಳತೆ ಇದೆ. ಫೀಕಲ್ ಕೋಲಿಫಾರ್ಮ್ (ಇ. ಕೋಲಿಯೂ ಸೇರಿದ, ಮಲದ ಸುಳಿವು ಕೊಡುವ ಬ್ಯಾಕ್ಟೀರಿಯಗಳ ಗುಂಪು) 100 ಮಿ.ಲೀ.ಗೆ 500ರ ಒಳಗಿದ್ದರೆ ಒಳ್ಳೆಯದು, 2500 ದಾಟಬಾರದು. ಬಿಒಡಿ, ಅಂದರೆ ನೀರಿನ ಕೊಳೆಯನ್ನು ಕೊಳೆಸಲು ಬ್ಯಾಕ್ಟೀರಿಯಕ್ಕೆ ಬೇಕಾಗುವ ಆಮ್ಲಜನಕ, ಲೀಟರಿಗೆ 3 ಮಿ.ಗ್ರಾಂ. ಒಳಗಿರಬೇಕು, ಕರಗಿದ ಆಮ್ಲಜನಕ ಲೀಟರಿಗೆ 5 ಮಿ.ಗ್ರಾಂ. ಅಥವಾ ಅದಕ್ಕಿಂತ ಮೇಲಿರಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಹಲವು ನದಿಗಳ ನೀರು ನೋಡುತ್ತಲೇ ಇರುತ್ತದೆ. ಮೊದಲು ನಿಮ್ಮ ನದಿಯ ಹಳೆಯ ಸಂಖ್ಯೆಗಳನ್ನು ಅವರಿಂದ ಪಡೆಯಿರಿ.

ನಮ್ಮ ಊರುಗಳಲ್ಲಿ ಒಂದು ಅನುಕೂಲ ಇದೆ. ಹೆಚ್ಚಿನ ಕಡೆ ಯುಜಿಡಿ (ನೆಲದಡಿಯ ಕೊಳಚೆ ಪೈಪು) ಬೇರೆ, ಮಳೆನೀರಿನ ಚರಂಡಿ ಬೇರೆ ಅಂತಲೇ ಲೆಕ್ಕ. ಜನವರಿಯಿಂದ ಮಾರ್ಚ್‌ವರೆಗೆ ಮಳೆಯೂ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾದರೆ ಫೆಬ್ರವರಿಯಲ್ಲಿ ಹರಿಯುವ ಪ್ರತಿ ಮಳೆನೀರು ಚರಂಡಿಯೂ ನಿಮಗೆ ಒಂದು ಸುಳಿವು. ಅದಕ್ಕೆ ಲ್ಯಾಬೂ ಬೇಡ, ದಡದಲ್ಲಿ ನಡೆಯುವ ಕಾಲು ಸಾಕು. ಪ್ರತಿ ಚರಂಡಿ ಬಾಯಿಗೆ ಒಂದು ನಂಬರ್ ಕೊಡಿ, ಫೋಟೊ ತೆಗೆಯಿರಿ, ದಿನಾಂಕ ಬರೆಯಿರಿ. ಬಾಟಲಿಯನ್ನು ಊರಿನ ಮೇಲ್ಭಾಗದಲ್ಲಿ ಒಂದು, ನಡುವೆ ಎರಡು, ಊರು ದಾಟಿದ ಮೇಲೆ ಒಂದು ಜಾಗದಲ್ಲಿ ತುಂಬಿ. ಪ್ರತಿ ಸಲ ಅದೇ ಜಾಗ, ಅದೇ ಹೊತ್ತು. ಕೈಗೆ ಗ್ಲೌಸ್ ಹಾಕಿ. ಒಬ್ಬರೇ ಹೋಗಬೇಡಿ. ಮಳೆಗಾಲದಲ್ಲಿ ದಡಕ್ಕೆ ಇಳಿಯಲೇಬೇಡಿ, ಸೇತುವೆ ಮೇಲಿನಿಂದ ಬಕೆಟ್ ಬಿಡಿ. ಒಂದು ಪೂರ್ತಿ ವರ್ಷದ ಸಂಖ್ಯೆ ಕೈಗೆ ಬರುವವರೆಗೆ ಈಜಬಹುದು ಅಂತಲೂ ಬಾರದು ಅಂತಲೂ ಯಾರಿಗೂ ಮಾತು ಕೊಡಬೇಡಿ.

ನಿಮ್ಮ ನದಿ ಯಾವುದು ಅಂತ ಬರೆದಿಲ್ಲ. ಊರಿನ ಹೆಸರು, ನದಿ ಊರನ್ನು ಹೊಕ್ಕುವ ಜಾಗ, ಎಷ್ಟು ಚರಂಡಿ ಬಂದು ಸೇರುತ್ತವೆ ಅಂತ ಕೆಳಗೆ ತಿಳಿಸಿ. ಮ್ಯಾಪ್ ತೆರೆದು ಕೂತು, ಮೊದಲ ನಾಲ್ಕು ಬಾಟಲಿ ಎಲ್ಲಿ ಮುಳುಗಿಸಬೇಕು ಅಂತ ಒಟ್ಟಿಗೇ ನೋಡೋಣ.