ಪ್ರತಿಕ್ರಿಯೆ: ಅಪ್ಪನ ಸಾಲ, ಮಗನ ಕುತ್ತಿಗೆಗೆ

ಗಂಡು-ಗಂಡು ಪ್ರೇಮದ ಕೊರಿಯನ್ ಮಾಫಿಯಾ ಕಾಮಿಕ್ಸ್‌ನಲ್ಲಿ ಅಪ್ಪನ ಸಾಲಕ್ಕೆ ಮಗ ಯಾಕೆ ರೌಡಿ ಕೈಗೆ ಸಿಕ್ಕಿಬೀಳುತ್ತಾನೆ, ಅಲ್ಲಿ ನಿಜಕ್ಕೂ ಹೀಗಿದೆಯಾ ಅಂತ ಕೇಳಿದ್ದೀರಿ.

ಅದಕ್ಕೊಂದು ಬುಡ ಇದೆ. ಕೊರಿಯಾದ ಕಾನೂನಿನಲ್ಲಿ ಅಪ್ಪ ತೀರಿಕೊಂಡರೆ ಆಸ್ತಿಯ ಜೊತೆ ಸಾಲವೂ ಮಕ್ಕಳಿಗೆ ಬರುತ್ತದೆ. ಬೇಡ ಅನ್ನುವವರು ವಿಷಯ ತಿಳಿದ 3 ತಿಂಗಳೊಳಗೆ ಕೋರ್ಟಿಗೆ ಹೇಳಬೇಕು. ಓದು ಬಿಟ್ಟು ದುಡಿಯುವ ಹುಡುಗನಿಗೆ ಇದನ್ನೆಲ್ಲ ಯಾರು ಹೇಳಿಕೊಡುತ್ತಾರೆ? ಬಡ್ಡಿಗೂ ಮಿತಿ ಇದೆ, 2021ರಿಂದ ವರ್ಷಕ್ಕೆ ಶೇ. 20. ಮೀಟರ್ ಬಡ್ಡಿಯವರು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಇನ್ನು ಕಥೆಗಳಲ್ಲಿ ಮೈಯನ್ನೇ ಬರೆದುಕೊಡುವ ಪತ್ರ ಬರುತ್ತದಲ್ವಾ, ಅದು ಕೋರ್ಟಿನಲ್ಲಿ ನಿಲ್ಲೋದೇ ಇಲ್ಲ.

ಓದುವಾಗ ಬಾಗಿಲ ಹತ್ತಿರದ ಚಿತ್ರ ನೋಡಿ. ಕೊರಿಯನ್ನರೂ ನಮ್ಮ ಹಾಗೆ ಚಪ್ಪಲಿ ಬಾಗಿಲಲ್ಲೇ ಬಿಡುತ್ತಾರೆ. ವಸೂಲಿಗೆ ಬಂದವನು ಶೂ ಹಾಕಿಕೊಂಡೇ ಒಳಗೆ ಬಂದರೆ ಬೇರೆ ಮಾತೇ ಬೇಕಾಗಿಲ್ಲ. ಎಷ್ಟೋ ಕಂತು ಆದಮೇಲೆ ಅವನೇ ಬಗ್ಗಿ ಶೂ ಬಿಚ್ಚಿದರೆ ನನಗೆ ಎದೆ ತುಂಬಿ ಬರುತ್ತದೆ.

ಆದರೆ ಬಲವಂತವನ್ನೇ ಪ್ರೀತಿ ಅಂತ ದಾಟಿಸುವ ಕಥೆಗಳು ಜಾಸ್ತಿ. ಅವು ನನಗೆ ಹಿಡಿಸುವುದಿಲ್ಲ. ಸಾಲ ತೀರಿ, ಬಾಗಿಲು ತೆರೆದಿದ್ದರೂ ಹುಡುಗ ತಾನಾಗಿ ಉಳಿಯುತ್ತಾನಾ? ನಾನು ನೋಡುವುದು ಅದನ್ನೇ. ಇಂಥ ಬಹಳಷ್ಟು ಕಾಮಿಕ್ಸ್‌ಗೆ ದೊಡ್ಡವರಿಗೆ ಮಾತ್ರ ಅನ್ನುವ 19ರ ಗುರುತು ಇರುತ್ತದೆ, ಶುರು ಮಾಡುವ ಮುಂಚೆ ಎಚ್ಚರಿಕೆಯ ಸಾಲುಗಳನ್ನು ಓದಿಕೊಳ್ಳಿ.